ಊಟದ ಮನೆಯ ಬೋರ್ಡು

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಹೋಟೆಲ್ ಯಜಮಾನರು ಠಾಣೆಗೆ ಬಂದು ಹೇಳಿದ ದೂರು ಕೇಳಿ, ಮಹಿಳಾ ಹೆಡ್ ಕಾನ್‌ಸ್ಟೇಬಲ್ ನಗು ತಡೆಯಲಾರದೆ ಕೆಮ್ಮಿದಳು.

"ನಮ್ಮ ಬೋರ್ಡ್ ಕಳುವಾಗಿದೆ ಸಾರ್."

"ಈಗ ಅಲ್ಲಿ ಏನಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಬೋರ್ಡೇ ಇದೆ. ಆದ್ರೆ ನಮ್ದಲ್ಲ. ನಮ್ದು ತಗಡಿಂದು, ನಮ್ಮಪ್ಪ ಬರೆಸಿದ್ದು. ನಿನ್ನೆ ರಜಾ. ಇವತ್ತು ನೋಡಿದ್ರೆ ಇದು ಕೂತಿದೆ."

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಜೊತೆ ಪಂಚನಾಮೆಗೆ ಹೋದ ಇನ್‌ಸ್ಪೆಕ್ಟರ್ ಬೋರ್ಡು ನೋಡಿ ನಿಂತಲ್ಲೇ ನಿಂತರು. 'ಊಟದ ಮನೆ. ಬನ್ನಿ, ಊಟ ಮಾಡಿ.' ಕುಂಚ ಎಲ್ಲಿ ಒತ್ತಿದೆ, ಎಲ್ಲಿ ಬಣ್ಣ ತೀರಿ ಗೆರೆ ಒಣಗಿದೆ, ಎಲ್ಲವೂ ಕಾಣುತ್ತಿತ್ತು. ಬರೆದವನು ಈಗಷ್ಟೇ ಏಣಿ ಇಳಿದು ಹೋದಂತಿತ್ತು. ಆದರೆ ಎರಡೂ 'ಊಟ'ಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಕೈಯಲ್ಲಿ ಬರೆದ್ರೆ ಹೀಗೆ ಬರುತ್ತೇನಮ್ಮ?"

"ನನ್ನ ಸಹಿನೇ ನಂಗೆ ಎರಡು ಸಲ ಒಂದೇ ಥರ ಬರಲ್ಲ ಸಾರ್."

ಪಕ್ಕದ ಬೀದಿಯ ಪ್ರಿಂಟಿಂಗ್ ಅಂಗಡಿಯವನು ಫೋಟೋ ನೋಡಿದ ಕೂಡಲೇ ಗುರುತಿಸಿದ.

"ಇದು ಫಾಂಟು ಸಾರ್, ಕಂಪ್ಯೂಟರಿನ ಅಕ್ಷರ. ಆಹ್ವಾನ ಪತ್ರಿಕೆ, ಸೋಪಿನ ಡಬ್ಬಿ, ಪುಸ್ತಕದ ರಕ್ಷಾಪುಟ, ಎಲ್ಲಾದಕ್ಕೂ ಬ್ರಷ್ ಫಾಂಟ್ ಹಾಕ್ತೀವಿ. ಆದ್ರೆ ಇಷ್ಟು ಜೀವ ಇರೋದನ್ನ ನಾನು ನೋಡಿರ್ಲಿಲ್ಲ. ತೀರಿಹೋದ್ರಲ್ಲ ಬೋರ್ಡ್ ಪೇಂಟರ್, ಅವರ ಮಗಳು ನಿನ್ನೆ ಇದನ್ನ ತಂದು ಪ್ರಿಂಟ್ ಮಾಡಿಸ್ಕೊಂಡು ಹೋದ್ಲು."

ಮಗಳು ಬಾಗಿಲು ತೆರೆದಳು. ಏನನ್ನೂ ಮುಚ್ಚಿಡಲಿಲ್ಲ. ಕೋಣೆಯ ತುಂಬ ಥಿನ್ನರ್ ವಾಸನೆ. ಮೇಜಿನ ಮೇಲೆ ತಗಡಿನ ಬೋರ್ಡು.

"ಫೋಟೋ ತೆಗೆದಿದ್ರೆ ಸಾಕಿತ್ತಲ್ಲ?"

"ಉಳಿದ ಅಕ್ಷರಗಳನ್ನೆಲ್ಲ ಹಾಗೇ ಮಾಡ್ಕೊಂಡೆ ಸಾರ್, ಬೀದಿ ಬೀದಿ ಸುತ್ತಿ. 'ಊ' ಮಾತ್ರ ಇದೊಂದರಲ್ಲೇ ಇದ್ದಿದ್ದು. ಅದರ ಮೇಲೆ ಹೋಟೆಲ್‌ನವ್ರು ಯಾರ ಕೈಯಲ್ಲೋ ಬಣ್ಣ ಬಳಿಸಿದ್ರು. ಅಡಿಯಲ್ಲಿರೋ ಅಪ್ಪನ ಗೆರೆ ಕಾಣ್ಬೇಕು ಅಂದ್ರೆ ಥಿನ್ನರಲ್ಲಿ ಒರೆಸಿ ತೆಗೀಬೇಕಿತ್ತು. ಕೇಳಿದೆ, ಕೊಡಲ್ಲ ಅಂದ್ರು."

"ಆಮೇಲಾದ್ರೂ ವಾಪಸ್ ಕೊಡ್ಬೋದಿತ್ತು."

"ಮತ್ತೆ ಬಿಸಿಲಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ."

ಇನ್‌ಸ್ಪೆಕ್ಟರ್ ಬಾಗಿ ತಗಡಿನ ಮೇಲಿನ ಗೆರೆ ನೋಡಿದರು. ಇಷ್ಟು ವರ್ಷ ಇದರ ಕೆಳಗೇ ಓಡಾಡಿದ್ದರೂ ತಾವು ಒಮ್ಮೆಯೂ ತಲೆಯೆತ್ತಿರಲಿಲ್ಲವಲ್ಲ ಎನಿಸಿತು.

"ಒಂದು ಅಕ್ಷರಕ್ಕೆ ಕಳ್ಳತನಾನಾ ತಾಯಿ?" ಹೆಡ್ ಕಾನ್‌ಸ್ಟೇಬಲ್ ಕೇಳಿದಳು.

"ಅಪ್ಪ ಊರಿಗೆಲ್ಲ ಬರೆದ್ರು ಅಕ್ಕ. ಮನೇಲಿ ಒಂದು ಸಾಲೂ ಬರೆದಿಟ್ಟಿಲ್ಲ."

ಅವಳು ಕಂಪ್ಯೂಟರಿನ ಕೀಲಿ ಒತ್ತತೊಡಗಿದಳು. ಸತ್ತವನ ಕೈಬರಹ ಒಂದೊಂದೇ ಅಕ್ಷರವಾಗಿ ಪರದೆಯ ಮೇಲೆ ಮೂಡಿತು: 'ಊಟ ಆಯ್ತಾ ಮಗಳೇ?'

ಅವಳು ಪರದೆಯನ್ನೇ ನೋಡುತ್ತ, "ಇನ್ನೂ ಇಲ್ಲಪ್ಪ" ಎಂದಳು.

ಬೋರ್ಡು, ಕಂಪ್ಯೂಟರು ಜಪ್ತಿಯಾದವು. ಬಂಧನದ ವಿಧಿಗಳೂ ಮುಗಿದವು. ಠಾಣೆಗೆ ಹೋಗುವ ದಾರಿಯಲ್ಲಿ ಜೀಪು ಒಂದು ಕಡೆ ನಿಂತಿತು. ಅವಳ ಊಟ ಮುಗಿಯುವವರೆಗೆ ಇಬ್ಬರೂ ಕಾದರು.