ನೊಗಕ್ಕೊಂದು ಸನ್ನೆ

ಆ ಭಾನುವಾರ ಚರ್ಚಿನಲ್ಲಿ ಅವಳು ಏಳು ಕೊಂಬು, ಏಳು ಕಣ್ಣಿನ ಕುರಿಮರಿಯನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದಾಗ, ಎರಡನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಕಿಸಕ್ಕನೆ ನಕ್ಕುಬಿಟ್ಟ.

ಅವಳಿಗೆ ಪಿತ್ತ ನೆತ್ತಿಗೇರಿತು. ಪಾಸ್ಟರ್ ಓದುತ್ತಿದ್ದದ್ದು ಬೈಬಲಿನ ಕೊನೆಯ ಪುಸ್ತಕ. ಅದನ್ನು ಕಿವಿ ಕೇಳದ ಹತ್ತು ಹನ್ನೆರಡು ಮಂದಿಗೆ ಸನ್ನೆ ಭಾಷೆಯಲ್ಲಿ ದಾಟಿಸುವುದು ಅವಳ ಕೆಲಸ. ವಾರವಿಡೀ ಆಸ್ಪತ್ರೆ, ಕೋರ್ಟು ಅಂತ ಅಲೆದು ಇದೇ ಕೆಲಸ ಮಾಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಯಾರೂ ಅವಳ ಕೈ ನೋಡಿ ನಕ್ಕಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಆ ಮನುಷ್ಯ ನೇರ ಅವಳ ಹತ್ತಿರವೇ ಬಂದ. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವವನು. ಅದಕ್ಕೇ ಅವನಿಗೆ ಹಲ್ಲಿನ ಮೇಷ್ಟ್ರು ಅಂತ ಹೆಸರು ಬಿದ್ದಿತ್ತು.

"ಏಳು ಕಣ್ಣು ಎಲ್ಲೆಲ್ಲಿದ್ವು?" ಅವನ ಕೈಗಳು ಕೇಳಿದವು. "ಬೆನ್ನ ಮೇಲೂ ಇತ್ತಾ?"

"ಪಾಸ್ಟರ್ ಹೇಳಿದ್ದನ್ನ ಹೇಳಿದೆ. ನನ್ನನ್ನ ಯಾಕೆ ಕೇಳ್ತೀರಿ?"

"ಅವರು ಹೇಳಿದ್ದು ನನಗೆ ಕೇಳಿಸ್ಲಿಲ್ವಲ್ಲ. ಹೇಳಿದ್ದು ನೀವು."

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಕೋಪ ಇಳಿಯಿತು, ನಾಚಿಕೆ ಏರಿತು. ಇಷ್ಟು ವರ್ಷ ಅವಳು ಚಿತ್ರಗಳನ್ನು ದಾಟಿಸಿದ್ದಳೇ ಹೊರತು ಅವುಗಳ ಹಿಂದೆ ಏನಿದೆ ಅಂತ ಇಣುಕಿ ನೋಡಿರಲಿಲ್ಲ.

ಮರುದಿನ ಪಾಸ್ಟರನ್ನು ಕೇಳಿದಳು. ಏಳು ಅಂದರೆ ಪೂರ್ಣ, ಕೊಂಬು ಅಂದರೆ ಬಲ, ಕಣ್ಣು ಅಂದರೆ ಎಲ್ಲವನ್ನೂ ಕಾಣುವ ಅರಿವು ಎಂದು ಅವರು ಬಿಡಿಸಿ ಹೇಳಿದರು. "ಕೊಯ್ಯಲ್ಪಟ್ಟ ಕುರಿಮರಿಗೇ ಆ ಬಲವೆಲ್ಲ ಇದೆಯಲ್ಲ, ಅದೇ ಅಲ್ಲಿನ ಸೋಜಿಗ ಕಣಮ್ಮ."

ಆ ಅರ್ಥವನ್ನು ಹಲ್ಲಿನ ಮೇಷ್ಟ್ರಿಗೂ ಮುಟ್ಟಿಸಲು ಗುರುವಾರ ಅವನನ್ನು ಹುಡುಕಿಕೊಂಡು ಹೋದಳು. ಅಲ್ಲಿಂದ ಗುರುವಾರದ ಮಧ್ಯಾಹ್ನಗಳು ಶುರುವಾದವು. ಪಾಸ್ಟರ್ ಭಾನುವಾರದ ಪ್ರಸಂಗವನ್ನು ಮುಂಚೆಯೇ ಬರೆದು ಕೊಡುತ್ತಿದ್ದರು. ಅದನ್ನು ಹಿಡಿದು ಅವಳು ಹಲ್ಲಿನ ಮೇಷ್ಟ್ರ ಕೋಣೆಗೆ ಹೋಗುತ್ತಿದ್ದಳು. ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು, ಕರಗಿದ ಮೇಣದ ವಾಸನೆ. ಉಪ್ಪು, ದೀಪ, ದ್ರಾಕ್ಷಿಬಳ್ಳಿ, ಮದುಮಗಳಂತೆ ಸಿಂಗರಿಸಿಕೊಂಡ ಪಟ್ಟಣ, ಒಂದೊಂದಕ್ಕೂ ಸನ್ನೆ ಹುಡುಕುತ್ತಿದ್ದರು.

"ಅರ್ಥ ಮಾತ್ರ ಹೇಳಿ ಚಿತ್ರ ಬಿಟ್ಟರೆ?" ಎಂದು ಅವಳು ಒಮ್ಮೆ ಕೇಳಿದಳು. "ಸುಲಭ ಆಗುತ್ತಲ್ಲ."

"ಬಿಡಬೇಡಿ. ಬರೀ ಅರ್ಥ ಕೊಟ್ರೆ ಔಷಧಿ ಚೀಟಿ ಥರ ಇರುತ್ತೆ." ಅವನು ಮೊಣಕೈಯನ್ನು ಮೇಜಿಗೂರಿ ತೋಳನ್ನೇ ಬಳ್ಳಿ ಮಾಡಿದ, ಬೆರಳುಗಳನ್ನು ಕೊಂಬೆ ಮಾಡಿದ. ಒಂದು ಬೆರಳನ್ನು ಇನ್ನೊಂದು ಕೈಯಿಂದ ಕತ್ತರಿಸಿದಂತೆ ಮಾಡಿ ಮೆಲ್ಲಗೆ ಬಾಡಿಸಿದ. ಅವಳು ತನ್ನ ತೋಳನ್ನೂ ಮೇಜಿಗೂರಿ ಹಾಗೇ ಮಾಡಿ ನೋಡಿದಳು.

ಸನ್ನೆಯಲ್ಲಿ ಮಾತಾಡುವವರು ಮುಖ ನೋಡಲೇಬೇಕು. ಕಣ್ಣು ತಪ್ಪಿಸಿದರೆ ಮಾತು ತಪ್ಪುತ್ತದೆ. ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ನೋಡುತ್ತಿದ್ದದ್ದು ಕಿಟಕಿಯ ಗಾಜಿನ ಹಾಗೆ, ಆಚೆ ಕಡೆ ಏನಿದೆ ಅಂತ. ಇವನು ಮಾತ್ರ ಅವಳ ಮಾತು ಮುಗಿದ ಮೇಲೂ ಒಂದು ಗಳಿಗೆ ಹಾಗೇ ನೋಡುತ್ತಿದ್ದ. ಬೇರೆಯವರೆಲ್ಲ ಅವಳನ್ನು 'ಕೈಯಕ್ಕ' ಅನ್ನುತ್ತಿದ್ದರು. ಇವನು ಅಪ್ಪಿತಪ್ಪಿಯೂ ಅಕ್ಕ ಸೇರಿಸುತ್ತಿರಲಿಲ್ಲ. ಅದನ್ನು ಅವಳು ಗಮನಿಸಿದ್ದಳು. ಗಮನಿಸಿದ್ದು ತೋರಿಸಿಕೊಂಡಿರಲಿಲ್ಲ, ಅಷ್ಟೆ.

ಒಂದು ಗುರುವಾರ ಅವಳು ಬಂದಾಗ ಬಲಗೈಗೆ ಮಣಿಕಟ್ಟಿನಿಂದ ಬೆರಳಿನವರೆಗೂ ಪಟ್ಟಿ ಬಿಗಿದಿತ್ತು. ವರ್ಷಗಟ್ಟಲೆ ಸನ್ನೆ ಮಾಡಿ ನರ ಊದಿಕೊಂಡಿದೆ, ಎರಡು ತಿಂಗಳು ಕೈ ಆಡಿಸಲೇಬಾರದು ಅಂತ ಆಗಷ್ಟೇ ಪಟ್ಟಿ ಕಟ್ಟಿದ ಡಾಕ್ಟರ ಕಟ್ಟಪ್ಪಣೆ. ಅವಳು ಕುರ್ಚಿಯಲ್ಲಿ ಕುಸಿದು ಎಡಗೈಯಿಂದಲೇ, ತುಟಿಗಳನ್ನು ನಿಧಾನವಾಗಿ ಆಡಿಸುತ್ತ ಹೇಳಿದಳು.

"ಇವತ್ತು ಬೆಳಿಗ್ಗೆ ಆಸ್ಪತ್ರೇಲಿ ಒಬ್ಬ ತಾಯಿಗೆ, ನಿಮ್ಮ ಮಗು ಉಳೀಲಿಲ್ಲ ಅಂತ ಹೇಳ್ದೆ. ಡಾಕ್ಟರು ಹೇಳಿ ತಲೆ ತಗ್ಗಿಸಿದ್ರು. ಅವಳು ನೋಡಿದ್ದು ನನ್ನ ಕೈಯನ್ನ."

ಅವನು ಮೇಣದ ಚಾಕು ಕೆಳಗಿಟ್ಟ.

"ಈ ವಾರದ ಪಾಠ ನೋಡಿದ್ರಾ?" ಅವಳು ಹಾಳೆ ತಳ್ಳಿದಳು. "ದಣಿದವರೇ ಬನ್ನಿ, ವಿಶ್ರಾಂತಿ ಕೊಡ್ತೀನಿ ಅಂತ ದೇವರು ಕರೀತಾನೆ. ಹೋದ್ರೆ ಹೆಗಲಿಗೆ ನೊಗ ಏರಿಸ್ತಾನಂತೆ. ಇದೆಂಥ ವಿಶ್ರಾಂತಿ? ನನಗೆ ಸಾಕಾಗಿದೆ. ಈ ಭಾನುವಾರ ನಾನು ನಿಲ್ಲಲ್ಲ. ಇನ್ಮೇಲೂ ನಿಲ್ತೀನೋ ಇಲ್ವೋ."

ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಭಾನುವಾರ ಅವಳು ಅಭ್ಯಾಸಬಲದಿಂದ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಹಲ್ಲಿನ ಮೇಷ್ಟ್ರು ನಿಂತಿದ್ದ! ಕೈಗೆ ಸಿಗುವಂತೆ ಪ್ರಸಂಗದ ಹಾಳೆಗಳನ್ನಿಟ್ಟುಕೊಂಡು, ಪಾಸ್ಟರ್ ಪುಟ ತಿರುಗಿಸಿದಾಗ ತಾನೂ ತಿರುಗಿಸುತ್ತ, ಓದಿ ಓದಿ ಸನ್ನೆ ಮಾಡುತ್ತಿದ್ದ. ಹಣೆಯ ತುಂಬ ಬೆವರು.

ನೊಗದ ಮಾತು ಬಂತು. ಅವನು ಮೊದಲು ಒಬ್ಬನೇ ಭಾರ ಹೊತ್ತು ಮೊಣಕಾಲು ಬಾಗಿದಂತೆ ತೋರಿಸಿದ. ತಲೆಯಾಡಿಸಿ, ಹಲಗೆ ಒರೆಸಿದ ಹಾಗೆ ಗಾಳಿಯಲ್ಲಿ ಅದನ್ನು ಅಳಿಸಿಬಿಟ್ಟ. ಆಮೇಲೆ ಎರಡು ಮುಷ್ಟಿಗಳನ್ನು ಅಕ್ಕಪಕ್ಕ ಹಿಡಿದು ಒಟ್ಟಿಗೆ ಮುಂದೆ ನಡೆಸಿದ.

"ನೊಗಕ್ಕೆ ಒಂದೇ ಎತ್ತು ಕಟ್ಟೋದಿಲ್ಲ," ಅವನ ಕೈಗಳು ಹೇಳಿದವು. "ಹೊರು ಅಂತ ಅಲ್ಲ ಕರೆದದ್ದು. ಇನ್ನೊಂದು ಕಡೆ ನಾನು ಹೆಗಲು ಕೊಡ್ತೀನಿ ಅಂತ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ಮಾತು ಅವಳನ್ನು ದಾಟಿ ಹೋಗದೆ ಅವಳಲ್ಲೇ ನಿಂತಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಸಿಕ್ಕಿದ.

"ಅದು ಪಾಸ್ಟರ್ ಬರೆದದ್ದಾ?"

"ಸ್ವಲ್ಪ. ಮಿಕ್ಕದ್ದು ನನ್ನದು."

"ಮನಸ್ಸಿಗೆ ಬಂದ ಅರ್ಥ ಕೊಡೋ ಹಾಗಿಲ್ಲ."

"ಶನಿವಾರವೇ ಅವರನ್ನ ಕೇಳಿ ಒಪ್ಪಿಸಿದೀನಿ. ಒಂದು ಅರ್ಥ ಮಾತ್ರ ಅವರನ್ನ ಕೇಳಿಲ್ಲ."

"ಯಾವುದು?"

ಅವನು ತನ್ನ ಎದೆ ಮುಟ್ಟಿ, ಅವಳ ಕಡೆ ಬೆರಳು ತೋರಿಸಿ, ಎರಡು ಮುಷ್ಟಿಗಳನ್ನು ಪಕ್ಕಪಕ್ಕಕ್ಕೆ ತಂದ. ಕಿವಿಯ ತುದಿ ಕೆಂಪಾಗಿತ್ತು.

ಅವಳು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡಳು. "ನನ್ನಲ್ಲಿ ಕೊಡೋಕೆ ಏನೂ ಉಳಿದಿಲ್ಲ. ಮನೆಗೆ ಹೋದ್ರೆ ಯಾರ ಮಾತೂ ಬೇಡ ಅನ್ಸುತ್ತೆ."

"ನಮ್ಮನೇಲಿ ಆ ತೊಂದರೆ ಇಲ್ಲ," ಎಂದ ಅವನು, ಗಂಭೀರವಾಗಿ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. "ನನಗೂ ದಣಿವಾಗಿದೆ. ಒಬ್ಬನೇ ಇದ್ದು ಇದ್ದು."

ಅವಳು ಎಡಗೈ ಮುಷ್ಟಿಯನ್ನು ಮುಂದೆ ಹಿಡಿದಳು. ಬಲಗೈ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ಅವನು ತನ್ನ ಬಲಮುಷ್ಟಿಯನ್ನು ತಂದು ಅವಳದರ ಪಕ್ಕಕ್ಕೆ ತಾಗಿಸಿದ.

ಅವತ್ತು ಮಧ್ಯಾಹ್ನವೇ ಅವಳು ಅವನನ್ನು ಮನೆಗೆ ಕರೆತಂದಳು. ಅವಳಮ್ಮ ಅಡಿಯಿಂದ ಮುಡಿಯವರೆಗೂ ನೋಡಿದರು.

"ಮಾತು ಬರಲ್ವೇನೇ?"

"ನಿನಗಿಂತ ಜಾಸ್ತಿ ಮಾತಾಡ್ತಾರಮ್ಮ."

"ಏನು ಕೆಲಸ?"

ಹೇಳಿದಳು. ಅಮ್ಮ ಒಂದು ಗಳಿಗೆ ಯೋಚಿಸಿ, ಬಾಯಿಂದ ಮೇಲಿನ ಸೆಟ್ ಕಳಚಿ, ಸೆರಗಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟರು. ಬಲಗಡೆ ಒತ್ತುತ್ತದೆ ಎಂದು ಕೆನ್ನೆ ಹಿಡಿದು ಮುಖ ಕಿವುಚಿ ತೋರಿಸಿದರು. ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬೆರಳಲ್ಲಿ ಸವರಿ, ಇಲ್ಲೇನಾ ಎಂಬಂತೆ ಹುಬ್ಬೇರಿಸಿದ. ಅಮ್ಮ ಜೋರಾಗಿ ತಲೆಯಾಡಿಸಿದರು. ಇಬ್ಬರ ಕೈಗಳೂ ಒಂದೇ ಸಮನೆ ಆಡತೊಡಗಿದವು.

ನಡುವೆ ನಿಂತು ದಾಟಿಸಲೆಂದು ಅವಳು ಏಳಹೋದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಸರಿ ಅಂತ ಮತ್ತೆ ಕುರ್ಚಿಗೆ ಒರಗಿದಳು, ಹಾಗೇ ಕಣ್ಣು ಮುಚ್ಚಿದಳು. ಹಾಡುಹಗಲೇ ಅವಳಿಗೆ ಗಾಢವಾದ ನಿದ್ದೆ ಬಂತು.