ಬೆಚ್ಚಗಿಟ್ಟ ಜೀವಾಣು

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಚಳ್ಳಕೆರೆ ಠಾಣೆಗೆ ದೂರು ತಂದವರು ಜ್ಯೋತಿಲಕ್ಷ್ಮಿ, ಊರಾಚೆಯ ಜೀವಾಣು ಸಂಶೋಧನಾ ಕೇಂದ್ರದ ವಿಜ್ಞಾನಿ. ಪ್ರಯೋಗಾಲಯದ ಫ್ರೀಜರ್‌ನಿಂದ ಬ್ಯಾಕ್ಟೀರಿಯಾ ತುಂಬಿದ್ದ ಒಂದು ಡಬ್ಬಿ ಕಾಣೆಯಾಗಿತ್ತು. ಇನ್‌ಸ್ಪೆಕ್ಟರ್ ಸಿದ್ದಲಿಂಗೇಶ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಗೀತಮ್ಮನವರನ್ನು ಕರೆದುಕೊಂಡು ಹೊರಟರು.

"ಊರಿಗೆ ರೋಗ ಹಬ್ಬುತ್ತಾ ಮೇಡಂ?" ಸಿದ್ದಲಿಂಗೇಶ್ ಕೇಳಿದರು.

"ಆರೋಗ್ಯವಾಗಿರೋರಿಗೆ ಅಷ್ಟು ಭಯವಿಲ್ಲ. ಆದ್ರೆ ಯಾವ ಔಷಧಿಗೂ ಬಗ್ಗದ ಜಾತಿ ಅದು. ಬೇಗ ಸಿಗಬೇಕು."

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ದುಬಾರಿ ಸೂಕ್ಷ್ಮದರ್ಶಕಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಫ್ರೀಜರ್‌ನಲ್ಲಿ ಉಳಿದ ಡಬ್ಬಿಗಳು ಇದ್ದ ಹಾಗೇ ಇದ್ದವು. ಜೀವಾಣು ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯೊಳಗೆ ಮಾತ್ರ ಒಂದು ತಟ್ಟೆಯ ಮೇಲೆ ಫಿನಾಯಿಲ್ ಸುರಿದಿತ್ತು.

ಮೊದಲು ಅನುಮಾನ ಬಿದ್ದದ್ದು ಸಂಶೋಧನಾ ವಿದ್ಯಾರ್ಥಿ ಮಾರುತೇಶನ ಮೇಲೆ. ಹಿಂದಿನ ವಾರ ಅವನಿಗೂ ಜ್ಯೋತಿಲಕ್ಷ್ಮಿಗೂ ಮಾತಿಗೆ ಮಾತು ಬೆಳೆದಿತ್ತು. ಆದರೆ ಸೋಮವಾರವಿಡೀ ಅವನು ಚಿತ್ರದುರ್ಗದಲ್ಲಿದ್ದುದು ವಿಚಾರಣೆಯಲ್ಲಿ ಖಚಿತವಾಯಿತು.

ಗೀತಮ್ಮನವರ ಮನಸ್ಸು ಆ ಫಿನಾಯಿಲ್ ಸುತ್ತಲೇ ಸುಳಿಯುತ್ತಿತ್ತು.

"ತಟ್ಟೇದೂ ಡಬ್ಬೀದೂ ಒಂದೇ ಜೀವಾಣುವಾ ಮೇಡಂ?"

"ಹೌದು. ಸೌಂದರ್ಯ ಅಂತ, ಹದಿನಾರರ ಹುಡುಗಿ. ಅವಳ ರಕ್ತದಿಂದ ತೆಗೆದದ್ದು. ಅವಳು ಉಳೀಲಿಲ್ಲ."

"ಅದು ಆ ಹುಡುಗೀದೇ ಅಂತ ಯಾರ್ಯಾರಿಗೆ ಗೊತ್ತು?"

"ನನಗೆ." ಜ್ಯೋತಿಲಕ್ಷ್ಮಿ ತಡೆದರು. "ಅವಳ ತಾಯಿಗೆ. ಕ್ಯಾತಮ್ಮ. ಇಲ್ಲೇ ಕಸ ಗುಡಿಸ್ತಾರೆ. ಕೆಲಸ ಕೊಡಿಸಿದ್ದು ನಾನೇ."

ಅಷ್ಟು ಹೇಳಿ ಕುರ್ಚಿ ಎಳೆದು ಕುಳಿತರು. ಶುಕ್ರವಾರ ಕ್ಯಾತಮ್ಮನನ್ನು ಕರೆದು ಆ ತಟ್ಟೆ, ಡಬ್ಬಿಗಳನ್ನೂ ಪರದೆಯ ಮೇಲೆ ಆ ಜೀವಾಣುವನ್ನೂ ತೋರಿಸಿದ್ದರು. ಅದರ ಮೈತುಂಬ ಹಸಿರು ಚುಕ್ಕೆಗಳು ಹೊಳೆಯುತ್ತಿದ್ದವು. ಒಳಗೆ ಬಂದ ಔಷಧಿಯನ್ನು ಹೊರಗೆ ನೂಕುವ ಬಾಗಿಲುಗಳು ಇವು, ಇವನ್ನು ಮುಚ್ಚುವುದು ಕಲಿತರೆ ಬೇರೆ ಮಕ್ಕಳು ಉಳಿಯುತ್ತಾರೆ ಎಂದಿದ್ದರು.

"ಸಮಾಧಾನ ಆಗ್ಲಿ ಅಂತ ತೋರಿಸಿದ್ದು," ಎಂದರು ಜ್ಯೋತಿಲಕ್ಷ್ಮಿ.

ಸೋಮವಾರ ಸಂಜೆ ಕ್ಯಾತಮ್ಮ ಚೀಲವನ್ನು ಎದೆಗವಚಿಕೊಂಡು ಗೇಟು ದಾಟಿದ್ದು ಸಿಸಿಟಿವಿಯಲ್ಲಿ ಕಂಡಿತು. ಚಳ್ಳಕೆರೆಯ ಅವಳ ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಜೀಪು ತಳಕು ದಾಟಿ, ಮೊಳಕಾಲ್ಮೂರು ಹಾಯ್ದು ಅವಳ ಸ್ವಂತ ಊರು ದೇವಸಮುದ್ರ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ.

ಕ್ಯಾತಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಖಾಕಿ ಕಂಡು ಎದ್ದು ನಿಂತಳು.

"ಡಬ್ಬಿ ಎಲ್ಲಮ್ಮ?" ಸಿದ್ದಲಿಂಗೇಶ್ ಕೇಳಿದರು.

"ಸುಟ್ಟೆ ಸ್ವಾಮಿ. ಹಿತ್ತಲಾಗೆ. ಮೊದ್ಲು ನೀರಾಗೆ ಕುದಿಸ್ದೆ, ಆಮ್ಯಾಲೆ ಬೆಂಕಿಗೆ ಹಾಕ್ದೆ. ಯಾರಿಗೂ ಅಂಟಬಾರ್ದಲ್ಲ."

ಬೂದಿಯಲ್ಲಿ ಕರಗಿ ಗಡ್ಡೆಗಟ್ಟಿದ ಪ್ಲಾಸ್ಟಿಕ್ ಸಿಕ್ಕಿತು. ಆರೋಗ್ಯ ಇಲಾಖೆಯವರು ಬಂದು ನೋಡಿದ ಮೇಲೆ ಅದನ್ನು ಜಪ್ತಿ ಮಾಡಿದರು.

"ಯಾಕಮ್ಮ ಹಿಂಗ್ ಮಾಡ್ದೆ?" ಗೀತಮ್ಮ ಪಕ್ಕದಲ್ಲಿ ಕುಳಿತು ಕೇಳಿದರು.

"ಆ ಪೆಟ್ಟಿಗೆ ದಿನಾ ಒರೆಸ್ತಿದ್ದೆ ನಾನು. ಮೈಯಷ್ಟೇ ಬೆಚ್ಚಗಿರ್ತಿತ್ತು. ಒಳಗೆ ಏನೈತೆ ಅಂತ ಗೊತ್ತಿರ್ಲಿಲ್ಲ. ಆಸ್ಪತ್ರೇಲಿ ನನ್ ಮಗಳ ಕೈ ನನ್ ಕೈಯಾಗೇ ತಣ್ಣಗಾತು. ಅದು ಮಾತ್ರ ಬೆಚ್ಚಗೆ ಕುಂತೈತಲ್ಲ."

"ಬೇರೆ ಮಕ್ಕಳಿಗೋಸ್ಕರ ಇಟ್ಟಿದ್ರಂತೆ."

"ಗೊತ್ತು. ಎಲ್ಲಾ ಬಿಡಿಸಿ ಹೇಳಿದ್ರು. ಒಳ್ಳೇರು ಅವ್ರು. ನನಗೇ ತಡಕೊಳ್ಳಾಕೆ ಆಗ್ಲಿಲ್ಲ."

ಗೀತಮ್ಮ ಹೊರಗೆ ಬಂದು ಜ್ಯೋತಿಲಕ್ಷ್ಮಿಗೆ ಫೋನ್ ಮಾಡಿದರು. ಡಬ್ಬಿ ಸುಟ್ಟುಹೋದದ್ದನ್ನು ತಿಳಿಸಿದರು.

"ಇಂಥದ್ದೇ ಮತ್ತೆ ಸಿಗಬೇಕಾದ್ರೆ ಇನ್ನೊಂದು ಮಗು ಹಂಗೇ ಮಲಗಬೇಕು ಮೇಡಂ," ಎಂದರು ಜ್ಯೋತಿಲಕ್ಷ್ಮಿ. ಆಮೇಲೆ, "ಕ್ಯಾತಮ್ಮ ಊಟ ಮಾಡಿದ್ರಾ? ದೂರು ವಾಪಸ್ ತಗೊಂಡ್ರೆ ಬಿಡ್ತೀರಾ?"

"ಹಂಗೆ ಬಿಡೋಕೆ ಬರಲ್ಲ ಮೇಡಂ. ಇನ್ನು ಕೋರ್ಟಿಗೆ ಬಿಟ್ಟಿದ್ದು."

ಹೊತ್ತು ಮುಳುಗುವ ಮುನ್ನ ಬಂಧನದ ಕಾಗದ ಸಿದ್ಧವಾಯಿತು. ಕೆಲಸದ ಜಾಗದಲ್ಲಿ ಕಳವು, ಭಾರತೀಯ ನ್ಯಾಯ ಸಂಹಿತೆ ಕಲಂ 306.

"ನಿನ್ನ ಹಿಡಿದ ವಿಷಯ ಮನೇಲಿ ಯಾರಿಗೆ ತಿಳಿಸ್ಲಮ್ಮ?" ಗೀತಮ್ಮ ಕೇಳಿದರು.

"ಸೌಂದರ್ಯಂಗೆ ಫೋನ್ ಮಾಡ್ರಿ. ಫೋನ್ ತೆಗೆಯೋದೆಲ್ಲ ಅವ್ಳೇ—"

ಗೀತಮ್ಮ ತಲೆಯೆತ್ತಲಿಲ್ಲ, ಪೆನ್ನು ಕಾಗದದ ಮೇಲೆ ಹಾಗೇ ಇತ್ತು.

ಆಮೇಲೆ ಕ್ಯಾತಮ್ಮನೇ ಹೇಳಿದಳು. "ಗಂಡ ಜುಂಜಣ್ಣ ಅಂತ ಬರಕೊಳ್ರಿ. ಕುರಿ ಹೊಡಕೊಂಡು ಆಂಧ್ರದ ಕಡೆ ಹೋಗ್ಯಾನೆ."