ನಾನೂರ ಹದಿನೇಳನೇ ಟ್ಯೂಬು

ಟಕ್.

ರಾತ್ರಿ ಹನ್ನೊಂದೂವರೆಗೆ ಸ್ಟೀಲ್ ಟ್ರೇ ಮೇಲೆ ಟ್ಯೂಬೊಂದು ಕೂತ ಸದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬಳೇ ಇದ್ದ ಟೆಕ್ನಿಷಿಯನ್ ಹುಡುಗಿ ಬೆಚ್ಚಿ ತಲೆಯೆತ್ತಿದಳು.

ಕಿಟಕಿಯಾಚೆ ನರರೋಗ ವಾರ್ಡಿನ ಹೊಸ ಡಾಕ್ಟರು. ಕಣ್ಣು ಕೆಂಪಾಗಿತ್ತು.

"ಬೆನ್ನಿಂದ ತೆಗೆದ ನೀರು. ಮರೆವಿನ ಕಾಯಿಲೆ ಯಾವ್ದು ಅಂತ ಗೊತ್ತಾಗ್ಬೇಕು. ನಂಬರ್ ನಾನೂರ ಹದಿನೇಳು. ಅರ್ಜೆಂಟ್!"

ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು.

"ಆಗಲ್ಲ ಡಾಕ್ಟ್ರೇ... ಇದು ಮಾಮೂಲಿ ಟ್ಯೂಬು. ನಾವು ಅಳೆಯೋ ಪ್ರೋಟೀನು ಇದರ ಗೋಡೆಗೇ ಅಂಟ್ಕೊಂಡ್ಬಿಡತ್ತೆ. ಕಮ್ಮಿ ಬಂದ್ರೆ ಆಲ್ಝೈಮರ್ ಅಂತ ಬರೀತಾರೆ... ಅದು ಇಲ್ದೇ ಇದ್ರೂ!"

"ಅಂದ್ರೆ? ಎಪ್ಪತ್ತೆರಡು ವರ್ಷದವರ ಬೆನ್ನಿಗೆ ಮತ್ತೆ ಸೂಜಿ ಚುಚ್ಬೇಕಾ?"

"ಹೌದು."

"ನಿಮಗೆ ನಂಬರ್ ಮಾತ್ರ ಕಾಣತ್ತೆ ಕಣ್ರೀ. ಮನುಷ್ಯರು ಕಾಣಲ್ಲ!"

ಅವನು ಹೊರಟೇಹೋದ. ಅವಳು ತುಟಿ ಕಚ್ಚಿಕೊಂಡು ರಿಜಿಸ್ಟರಿನಲ್ಲಿ ಬರೆದಳು: ತಪ್ಪು ಟ್ಯೂಬು, ವಾಪಸ್ಸು.

ಎರಡು ದಿನದ ಮೇಲೆ ಸರಿಯಾದ ಟ್ಯೂಬು ಬಂತು. ತಂದವರು ವಾರ್ಡಿನ ಸಿಸ್ಟರಕ್ಕ.

"ಗೊತ್ತೇನೇ? ಇದು ಡಾಕ್ಟ್ರ ಅಪ್ಪಂದು. ಮಂಚದ ಕೆಳಗೆ ಮಕ್ಕಳು ಕೂತಿದಾರೆ, ಊಟ ಕೊಡಿ ಅಂತ ಒಂದೇ ಸಮ ಕೂಗಾಟ. ಮಗ ಮಾತ್ರ ಊಟ ಬಿಟ್ಟಿದಾರೆ."

ಅಯ್ಯೋ... ಅವರಪ್ಪನಿಗಾ ನಾನು ಎರಡನೇ ಸಲ ಚುಚ್ಚಿಸಿದ್ದು?

ಮುಂದಿನ ವಾರವೆಲ್ಲ ಅವನು ಎದುರಾದಾಗ ಅವಳು ಗೋಡೆಯ ಕಡೆ ಸರಿದಳು. ಅವನೋ, ದಿನಾ ಒಂದಲ್ಲ ಒಂದು ಚೀಟಿ ಹಿಡಿದು ಲ್ಯಾಬಿನ ಕಿಟಕಿ ಮುಂದೆ ಹಾದುಹೋಗುತ್ತಿದ್ದ.

ಏಳನೇ ದಿನ ಸಂಜೆ ಫಲಿತಾಂಶ ಬಂತು. ಆಲ್ಝೈಮರ್ ಪ್ರೋಟೀನು ಸರಿಯಾಗೇ ಇತ್ತು. ಆದರೆ ಇನ್ನೊಂದು ಪರೀಕ್ಷೆಯ ಗೆರೆ ಪರದೆಯ ಮೇಲೆ ಸರ್ರನೆ ಮೇಲೇರಿತ್ತು. ಲೂಯಿ ಬಾಡಿ! ಇಲ್ಲದ ಮಕ್ಕಳನ್ನು ಕಣ್ಣಿಗೆ ತೋರಿಸುವ ಇನ್ನೊಂದು ಮರೆವಿನ ಕಾಯಿಲೆ... ಕೂಗಾಟ ಅಡಗಿಸುವ ಮಾಮೂಲಿ ಇಂಜೆಕ್ಷನ್ ಕೊಟ್ಟರೆ ಇಂಥವರ ಮೈ ಮರಗಟ್ಟುತ್ತದೆ. ಜೀವಕ್ಕೇ ಕುತ್ತು!

ವಾರ್ಡಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

ಎರಡು ಮಹಡಿ ಮೆಟ್ಟಿಲು ಓಡಿದಳು.

"ನಾನೂರ ಹದಿನೇಳಕ್ಕೆ ಇಂಜೆಕ್ಷನ್ ಬೇಡ!"

ಸಿಸ್ಟರಕ್ಕನ ಕೈಯಲ್ಲಿ ತುಂಬಿದ ಸಿರಿಂಜು ಹಾಗೇ ನಿಂತಿತು. ಮಂಚದ ಮೇಲಿನ ಮುದುಕರು ಅವಳನ್ನು ನೋಡಿ ನಕ್ಕರು. "ಬಾಮ್ಮಾ, ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದ್ಯಾ?"

ಮಂಚದ ಪಕ್ಕ ನಿಂತಿದ್ದ ಮಗ ಅವಳ ಕೈಯಿಂದ ವರದಿ ತೆಗೆದುಕೊಂಡು ಓದಿದ. ಮತ್ತೊಮ್ಮೆ ಓದಿದ. ಮುಖ ಬಿಳಿಚಿಕೊಂಡಿತು.

ಆ ರಾತ್ರಿ ಲ್ಯಾಬಿನ ಕಿಟಕಿಗೆ ಮತ್ತೆ ಬಂದ. ಈ ಸಲ ಕೈ ಖಾಲಿ.

"ನೀವು ಅವತ್ತು ಆಗಲ್ಲ ಅನ್ನದೇ ಇದ್ದಿದ್ರೆ... ನಾನೇ ಬರೆದ ಇಂಜೆಕ್ಷನ್ ಅಪ್ಪನ್ನ..." ಕಣ್ಣೊರೆಸಿಕೊಂಡ. "ಅಷ್ಟು ಬೈದೆ. ಕಲ್ಲಿನ ಹಾಗೆ ನಿಂತಿದ್ರಿ."

"ಕೈ ನಡುಗ್ತಿತ್ತು. ರಿಜಿಸ್ಟರ್ ನೋಡಿ, ಅಕ್ಷರ ಹೇಗಿದೆ ಅಂತ."

ಅವನು ನೋಡಿದ. ಅಳುತ್ತಲೇ ನಕ್ಕ.

"ಇಷ್ಟು ದಿನ ಈ ಕಿಟಕಿ ಮುಂದೆ ಹಾದುಹೋಗೋಕೆ ನೆಪ ಹುಡುಕ್ತಿದ್ದೆ. ನಾಳೆಯಿಂದ ನೆಪ ಇಲ್ದೇ ಬರ್ಲಾ? ಆಗಲ್ಲ ಅಂತೀರಾ?"

"ಆಗಲ್ಲ ಅಂದಿದ್ದು ಟ್ಯೂಬಿಗೆ..." ಅವಳ ದನಿ ಇಳಿಯಿತು. "ನಿಮಗಲ್ಲ."

ಅವನು ಅವಳ ಅಂಗೈಗೆ ಹಣೆಯಿಟ್ಟು ಬಿಕ್ಕಿದ. ಅವಳು ಕೈ ಹಿಂತೆಗೆಯಲಿಲ್ಲ.

ಅವನು ಹೋದಮೇಲೆ ಸಿಸ್ಟರಕ್ಕ ಇಣುಕಿದರು. "ಏನಂತೇ ಡಾಕ್ಟ್ರದ್ದು?"

"ವರದಿ ಕೇಳೋಕೆ ಬಂದಿದ್ರು ಅಕ್ಕಾ."

ತಪ್ಪು ಟ್ಯೂಬು ರಿಜಿಸ್ಟರಿನಲ್ಲಿದೆ, ಯಾರು ಬೇಕಾದರೂ ಓದಲಿ. ಒದ್ದೆಯಾದ ಈ ಅಂಗೈಯನ್ನು ಮಾತ್ರ... ಊಹುಂ, ಯಾರಿಗೂ ಹೇಳುವುದಿಲ್ಲ!

ಅವಳು ಮೆಲ್ಲಗೆ ಮುಷ್ಟಿ ಮುಚ್ಚಿಕೊಂಡಳು.